ತಿಂಡಿ ಹತ್ತಿದ ನಾಯಿ

ನನ್ನ ಗಂಡನಿಗೆ ಶಹಾಬಾದಿಗೆ ವರ್ಗವಾದಾಗ ಮೈಸೂರಿನ ನಮ್ಮ ಮನೆಯವರು ಸೂತಕದ ಮುಖ ಹೊತ್ತು ಬೀಳ್ಕೊಟ್ಟರು. ಏಕೀಕರಣವಾಗಿ ಏಳೆಂಟು ವರ್ಷ ಕಳೆದಿತ್ತು. ಆದರೂ ನಮ್ಮತ್ತೆಗೆ ಅದು ನಿಜಾಮನ ಸೀಮೆ, ಪರದೇಶ. "ನಾಯೀನಾದ್ರೂ ಇಲ್ಲೇ ಬಿಟ್ಟು ಹೋಗಿ, ಪಾಪ" ಅಂದರು. ನನ್ನ ಬಗ್ಗೆ ಆ ಪಾಪ ಅನ್ನಿಸಲಿಲ್ಲ ಅವರಿಗೆ. ಆ ಸಿಟ್ಟಿಗೇ ನಾಯಿಯನ್ನು ಕರೆದುಕೊಂಡು ಹೊರಟೆ. ರೈಲಿನಲ್ಲಿ ಗಾರ್ಡಿನ ಡಬ್ಬಿಯ ನಾಯಿಗೂಡಿನಲ್ಲಿ ಅದು, ಮೂರನೇ ದರ್ಜೆಯಲ್ಲಿ ನಾನು. ಇಳಿದಾಗ ಇಬ್ಬರ ಮೈಮೇಲೂ ಒಂದೇ ಸಮ ಮಸಿ.

ಬಾಡಿಗೆಗೆ ಸಿಕ್ಕಿದ್ದು ಒಂದು ದೊಡ್ಡ ಮನೆಯ ಮುಂಭಾಗ. ಹಿಂಭಾಗದಲ್ಲಿ ಮನೆಯೊಡತಿ ಇದ್ದರು, ವಯಸ್ಸಾದ ಹೆಂಗಸು. ನಾನು ಅವರನ್ನು ಅವ್ವಾರೇ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ನೆಲಕ್ಕೆ, ಕಟ್ಟೆಗೆ, ಬಚ್ಚಲಿಗೆ, ಎಲ್ಲಕ್ಕೂ ಫರಸಿ ಕಲ್ಲು. ಮೈಸೂರಿನ ಕೆಂಪು ಮಣ್ಣು ಕೆರೆದು ಗುಂಡಿ ತೋಡಿ ಮಲಗುತ್ತಿದ್ದ ನಾಯಿ ಇಲ್ಲಿ ಕಲ್ಲು ಕೆರೆದು ಕೆರೆದು ಸೋತಿತು. ಎರಡು ದಿನ ನನ್ನ ಮುಖ ನೋಡಿತು. ಮೂರನೆಯ ದಿನ ನೀರಿನ ಹಂಡೆಯ ಪಕ್ಕದ ತಂಪು ಫರಸಿ ಹುಡುಕಿಕೊಂಡು ಮಲಗಿತು. ನನಗಿಂತ ಮೊದಲು ಊರಿಗೆ ಹೊಂದಿಕೊಂಡದ್ದು ಅದೇ.

ಒಂದು ಬೆಳಿಗ್ಗೆ ಅದು ಕಂಬದ ಸುತ್ತ ಕುಣಿಯುತ್ತ, ಕುಂಯ್ ಅನ್ನುತ್ತ, ತನ್ನ ಬಾಲ ತಾನೇ ಕಚ್ಚುತ್ತಿತ್ತು. ಮನೆಯೊಡತಿ ಬಂದು ನಿಂತರು.

"ನಾಯಿ ಯಾಕ ಹಂಗ ಮಾಡ್ಲಿಕತ್ತದ ತಂಗಿ?"

"ತಿಂಡಿ ಅವ್ವಾರೇ" ಅಂದೆ. "ಬೆಳಗಾದ್ರೆ ಸಾಕು, ಅದಕ್ಕೆ ತಿಂಡಿ. ನಮ್ಮನೇಲಿ ಎಲ್ಲರಿಗೂ ಹಾಗೇ ಅಭ್ಯಾಸ."

ಅವರು ಸೆರಗು ಸರಿಸಿಕೊಂಡು ಎರಡು ಹೆಜ್ಜೆ ಹಿಂದೆ ಹೋದರು. ನಾನು ಉಪ್ಪಿಟ್ಟು ತಿರುವಲು ಒಳಗೆ ಓಡಿದೆ. ನಮ್ಮ ಕಡೆ ತಿಂಡಿ ಅಂದರೆ ಬೆಳಗಿನ ಉಪ್ಪಿಟ್ಟು, ದೋಸೆ. ಆ ಕಡೆ ತಿಂಡಿ ಅಂದರೆ ಮೈ ತುರಿಕೆ, ಕಜ್ಜಿ. ಅದು ಆಗ ನನಗೆ ಹೇಗೆ ಗೊತ್ತಾಗಬೇಕು?

ಮಾರನೆಯ ದಿನದಿಂದ ನಲ್ಲಿಯ ಹತ್ತಿರ ನನ್ನ ಕೊಡ ಬಂದರೆ ಉಳಿದ ಕೊಡಗಳು ಸರಿದು ಕೂತವು. ಓಣಿಯ ಮಕ್ಕಳು ನಾಯಿಯ ಕಡೆ ಕೈ ಚಾಚಿದರೆ ತಾಯಂದಿರು ರಟ್ಟೆ ಹಿಡಿದು ಎಳೆದರು. ನಾವು ಮೈಸೂರು ಕಡೆಯವರು ಅಂತ ಇಷ್ಟು ಅಸಡ್ಡೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಒಂದೇ ರಾಜ್ಯ, ಒಂದೇ ಭಾಷೆ ಎಂದು ಭಾಷಣ ಮಾಡಿದವರನ್ನು ಈ ನಲ್ಲಿಯ ಮುಂದೆ ಒಂದು ದಿನ ನಿಲ್ಲಿಸಬೇಕಿತ್ತು.

ಆ ವಾರ ಒಂದು ಮಧ್ಯಾಹ್ನ ಪೇಟೆಯಿಂದ ಬಂದೆ. ಹಂಡೆಯ ಪಕ್ಕ ನಾಯಿ ಇರಲಿಲ್ಲ. ಗಂಡ ಊಟಕ್ಕೆ ಬಂದವರು ಕುರ್ಚಿಯಲ್ಲಿ ಕೂತಿದ್ದರು.

"ಕಲ್ಲಿನ ಲಾರೀಲಿ ವಾಡಿ ಜಂಕ್ಷನ್ನಿಗೆ ಕಳಿಸಿಬಿಟ್ಟೆ ಕಣೇ. ಆಫೀಸಲ್ಲೆಲ್ಲ ಅದೇ ಮಾತು. ಸಾಹೇಬ್ರ, ನಿಮ್ಮ ನಾಯಿಗಿ ತಿಂಡಿ ಹತ್ತ್ಯಾದಂತ, ಹೊರಗ ಹಾಕ್ರಿ ಅಂತಾರೆ."

"ತಿಂಡಿ ಹತ್ತೋದು ಅಂದ್ರೇನ್ರೀ?"

"ಕಜ್ಜಿ."

ನನ್ನದೇ ಮಾತು ಊರೆಲ್ಲ ಸುತ್ತಿ ಮನೆಗೆ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ, ಇಲ್ಲಿ ಎತ್ತಿಗೂ ಜ್ವರ ಬಂದಿರಲಿಲ್ಲ. ಓಣಿಯವರು ನನ್ನ ಬಾಯಿಂದ ಕೇಳಿ ನಂಬಿದರು, ಅವರದೇನು ತಪ್ಪು? ಐದು ವರ್ಷ ಜೊತೆಗೆ ಬದುಕಿದ ನಾಯಿ ಅದು. ಅದರ ರೋಮ ಸರಿಸಿ ಒಂದು ಸಲ ಚರ್ಮ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ ಈ ಹಿತ್ತಾಳೆ ಕಿವಿಯ ಮನುಷ್ಯ. ನನ್ನನ್ನು ಕೇಳಲೂ ಇಲ್ಲ.

ಹಿಂದಿನ ಮನೆಗೆ ಹೋಗಿ ಎಲ್ಲ ಹೇಳಿದೆ. ಮನೆಯೊಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ನಾಷ್ಟಾ ಅನಬೇಕಿಲ್ಲೇನ ತಂಗಿ? ನಾಷ್ಟಾ ಅಂದಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ. ನಡಿ, ಗಾಡಿಗಿ ಟೈಮ್ ಆಗ್ಯಾದ."

ನಾಷ್ಟಾ ಅನ್ನುವುದು ಕನ್ನಡ, ತಿಂಡಿ ಅನ್ನುವುದು ರೋಗ. ಆ ನ್ಯಾಯವನ್ನು ಆಮೇಲೆ ಪ್ರಶ್ನಿಸೋಣ ಎಂದು ಅವರ ಹಿಂದೆ ಸ್ಟೇಷನ್ನಿಗೆ ಓಡಿದೆ.

ವಾಡಿಯಲ್ಲಿ ಇಳಿದು, ವ್ಯಾಗನ್ನಿಗೆ ಕಲ್ಲು ತುಂಬುವ ಕಡೆ ಹೋದೆವು. ಸಂಜೆಯಾದರೂ ಕಲ್ಲು ಕಾದೇ ಇತ್ತು. ಫರಸಿಯ ಒಂದು ಒಟ್ಟಿಲಿನ ನೆರಳಲ್ಲಿ ಅದು ಮಲಗಿತ್ತು, ಕೊರಳಿಗೆ ಲಾರಿಯ ಹಗ್ಗ ಹಾಗೇ ಇತ್ತು. ನನ್ನನ್ನು ಕಂಡು ಓಡಿ ಬರಲಿಲ್ಲ. ಬಾಲ ಒಂದು ಸಲ ಆಡಿಸಿ ಸುಮ್ಮನಾಯಿತು, ನಾನೇ ಕಳಿಸಿದೆ ಅಂದುಕೊಂಡಿತ್ತೋ ಏನೋ. ನಾನು ಕಲ್ಲುಪುಡಿಯಲ್ಲೇ ಕೂತು ಅತ್ತೆ. ಮನೆಯೊಡತಿ ಬಗ್ಗಿ ಅದರ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಕಾಲಸಂದಿಯಲ್ಲಿ ರೋಮ ಸರಿಸಿ ಸರಿಸಿ ನೋಡಿದರು.

"ಎಲ್ಲೀದು ತಿಂಡಿ? ಮೈ ಕನ್ನಡಿ ಇದ್ದಂಗ ಅದ. ಏಳಪ್ಪ, ಮನಿಗಿ ಹೋಗಮು."

ಶಹಾಬಾದಿಗೆ ಹೊರಟಿದ್ದ ಖಾಲಿ ಲಾರಿಯೊಂದನ್ನು ಅವರೇ ತಡೆದರು. ನಾಯಿಯನ್ನು ಹಿಂದೆ ಹಾಕಿ ಎಂದ ಡ್ರೈವರಿಗೆ, "ಮುಂದ ಕುಂದ್ರತದ. ಬೇಕಂದ್ರ ನೀ ಹಿಂದ ಕುಂದ್ರು" ಅಂದರು. ದಾರಿಯುದ್ದಕ್ಕೂ ನಾಯಿ ನಮ್ಮಿಬ್ಬರ ಕಾಲಮೇಲೆ ಮಲಗಿತ್ತು.

ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿದ್ದರು. ಸ್ಟೇಷನ್ನಿಗೆ ಓಡುವಾಗ ಮನೆಯೊಡತಿ ನಲ್ಲಿಯ ಹತ್ತಿರ ಕೂಗಿ ಹೇಳಿದ್ದ ವಿಷಯವನ್ನು ಓಣಿಯವರು ಗಂಡನಿಗೆ ತಿಳಿಸಿದ್ದರು. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು, ಮೈಸೂರಿಗೆ ಹೋದಾಗ ಎಲ್ಲರಿಗೂ ಹೇಳಬೇಕು ಅನ್ನುತ್ತಿದ್ದರು. ನಾಯಿ ಹೊಸ್ತಿಲಲ್ಲೇ ನಿಂತಿತು.

"ಬಾರೋ" ಅಂದರು. ಬರಲಿಲ್ಲ.

"ಅದಕ್ಕೇನು ಇಷ್ಟು ಕೋಪ? ಸಿಕ್ಕಿತಲ್ಲ, ಬಿಡು" ಎಂದು ನನ್ನ ಕಡೆ ತಿರುಗಿದರು.

"ಅವ್ವಾರ ಹತ್ರ ನಾನು ಹೇಳಿದ್ದು ನಾಯಿಗೆ ಮಾತ್ರ ಅಲ್ಲ" ಅಂದೆ. "ನಮ್ಮನೇಲಿ ಎಲ್ಲರಿಗೂ ತಿಂಡಿ ಅಂದಿದ್ದೆ. ಆಫೀಸಿನವರು ನನ್ನ ಹೆಸರೂ ಹೇಳಿದ್ರೆ ನನ್ನನ್ನ ಯಾವ ಲಾರಿ ಹತ್ತಿಸ್ತಿದ್ರಿ?"

ಅವರು ಉತ್ತರ ಹೇಳಲಿ ಎಂದು ನಾನೂ ನಾಯಿಯೂ ಹೊಸ್ತಿಲಾಚೆಯೇ ನಿಂತಿದ್ದೆವು.