ಇದು ನಂಗಲ್ಲ ಕಣ್ರಿ

ಚಿಕ್ಕಜಾಜೂರು ಸ್ಟೇಷನ್ನಿನ ಎದುರು ಕಿರಾಣಿ ಅಂಗಡಿ ಇಟ್ಟಿರುವ ಓಬಳೇಶಪ್ಪನಿಗೆ ಈ ಲೋಕದಲ್ಲಿ ತಿಳಿಯದ್ದು ಒಂದೇ, ಸೇಲ್ಸ್ ಟ್ಯಾಕ್ಸು. ಬೆಲ್ಲದ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡೇ ತೂಕ ಹೇಳಬಲ್ಲ ಈ ಮನುಷ್ಯ ಟ್ಯಾಕ್ಸಿನ ಮಾತೆತ್ತಿದರೆ ಕಳ್ಳ ಮಾಲಿನ ಸಮೇತ ಸಿಕ್ಕಿಬಿದ್ದವನಂತೆ ಬೆವರುತ್ತಾನೆ. ಎದೆ ಮುಟ್ಟಿಕೊಂಡು, "ಇದು ನಂಗಲ್ಲ ಕಣ್ರಿ, ಸರ್ಕಾರಕ್ಕೆ" ಎನ್ನುತ್ತಾನೆ; ಗಿರಾಕಿಗಳಿಲ್ಲದಾಗ ತಕ್ಕಡಿಗೂ ಹಾಗೇ ಹೇಳುತ್ತಾನೆಂದು ಹೆಂಡತಿ ಚಂದ್ರಕ್ಕನ ದೂರು. ದರ ಬದಲಾದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಗೋಡೆಯನ್ನೇ ಬಯ್ಯುತ್ತಾನೆ. ಮೊನ್ನೆ ಕುರಿಹಟ್ಟಿಯ ಪಾಲಮ್ಮ ಒಂದು ಬಟ್ಟೆ ಸೋಪು ಕೊಂಡಳು. "ಮ್ಯಾಲೆ ಮೂರು ಪೈಸ ಟ್ಯಾಕ್ಸು ಕಣಮ್ಮ" ಎಂದ. "ಸ್ಟೇಷನ್ ಮಾಸ್ತರ್ರಿಗೆ ಎಷ್ಟು?" "ಈ ಸೋಪಿಗೆ ಅವ್ರಿಗೂ ಮೂರೇ." ಪಾಲಮ್ಮ ಸೆರಗಿನ ಗಂಟು ಬಿಚ್ಚುತ್ತ ಯೋಚಿಸಿದಳು. "ನಮ್ಮ ಹಟ್ಟಿ ಬಾವಿ ತೋಡ್ಸುವಾಗ ಕುರಿ ಎಣಿಸಿ ವಂತಿಗೆ ಎತ್ತಿದ್ರು. ನೂರು ಕುರಿ ಇದ್ದೋನು ಹತ್ತು ರೂಪಾಯಿ ಕೊಟ್ಟ, ನಾನು ನನ್ನ ಎರಡು ಕುರಿಗೆ ಇಪ್ಪತ್ತು ಪೈಸ ಕೊಟ್ಟೆ." ಓಬಳೇಶಪ್ಪನ ಕೈ ಎಂದಿನಂತೆ ಎದೆಯತ್ತ ಹೊರಟು ಅರ್ಧಕ್ಕೇ ನಿಂತಿತು. ಪಾಲಮ್ಮ ಮೂರು ಪೈಸೆ ಎಣಿಸಿಟ್ಟು, ಸ್ಟೇಷನ್ನಿನ ಕಡೆ ನೋಡಿ ಲೊಚಗುಟ್ಟಿದಳು: "ಪಾಪ, ಮಾಸ್ತರ್ರಿಗೂ ನನ್ನಂಗೆ ಎರಡೇ ಕುರಿ ಏನಣ್ಣ?"