ಹಠಮಾರಿ ಗೆಣ್ಣಿಗೆ ಹಸಿರು ದಾರ

ನೆಟ್ಟಗಣ್ಣನಿಗೆ ಆ ಹೆಸರು ಬಂದದ್ದು ಅವನ ಬಾಯಿಂದಲೇ. ಯಾರು ಏನು ತಂದು ತೋರಿಸಿದರೂ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಉದ್ದಕ್ಕೂ ನೋಡಿ, "ನೆಟ್ಟಗಿದೆ" ಅನ್ನುತ್ತಿದ್ದ, ಇಲ್ಲವೇ "ನೆಟ್ಟಗಿಲ್ಲ" ಅನ್ನುತ್ತಿದ್ದ. ಬಾಗಿಲ ಚೌಕಟ್ಟಾಗಲಿ, ಸೈಕಲ್ಲಿನ ಹ್ಯಾಂಡಲ್ಲಾಗಲಿ, ಪಕ್ಕದಂಗಡಿ ಟೈಲರ್ ಹೊಲಿದ ಪ್ಯಾಂಟಾಗಲಿ, ಅವನ ಒಕ್ಕಣ್ಣಿನ ತೀರ್ಪಿಗೆ ಅಪೀಲು ಇರಲಿಲ್ಲ. ಅವನ ಕಸುಬು ಬಿದಿರಿನ ಗಾಳದ ಕೋಲು ಮಾಡುವುದು.

ಆ ಒಕ್ಕಣ್ಣಿನಿಂದಲೇ ಅವನಿಗೆ ಮದುವೆಯೂ ಆಯಿತು. ಗಿರಾಕಿಯೊಬ್ಬ ಮಗಳನ್ನು ಕರೆದುಕೊಂಡು ಕೋಲು ಕೊಳ್ಳಲು ಬಂದಿದ್ದ. ಇವನು ಕೋಲೆತ್ತಿ ತುದಿಯನ್ನು ಬಾಗಿಲ ಕಡೆ ಹಿಡಿದು ಎಡಗಣ್ಣು ಮುಚ್ಚಿದ. ಬಾಗಿಲಲ್ಲಿ ಅವಳು ನಿಂತಿದ್ದಳು.

"ಏನ್ರೀ, ಕಣ್ಣು ಹೊಡೀತೀರಾ?"

"ಇಲ್ಲ ಇಲ್ಲ... ಕೋಲು ನೋಡ್ತಿದ್ದೆ."

ಹೇಳುವಾಗ ಕೋಲು ಕೈಯಲ್ಲಿ ನಡುಗುತ್ತಿತ್ತು. ಮುಂದಿನ ವಾರ ಅವಳು ಒಬ್ಬಳೇ ಬಂದು ಗಾಳ ತೆಗೆದುಕೊಂಡು ಹೋದಳು, ಅದರ ಮುಂದಿನ ವಾರವೂ ಬಂದಳು. ಅವಳ ಅಪ್ಪನಿಗೆ ಅಷ್ಟೊಂದು ಗಾಳ ಯಾಕೆ ಬೇಕೆಂದು ಯಾರೂ ಕೇಳಲಿಲ್ಲ.

ಅಂಗಡಿಯೆಂದರೆ ಒಂದೇ ಉದ್ದನೆಯ ಕೋಣೆ. ಅಟ್ಟದ ಮೇಲೆ ಬಿದಿರು ಎರಡು ವರ್ಷ ನೆರಳಲ್ಲಿ ಒಣಗಬೇಕು. ಆಮೇಲೆ ಕೆಳಗಿಳಿಸಿ, ಕೆಂಡದ ಮೇಲೆ ಹಿಡಿದು, ಒಂದೊಂದೇ ಗೆಣ್ಣು ಬಿಸಿಯಾದಾಗ ಅದರ ಡೊಂಕು ತೆಗೆಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಯಾರಾದರೂ ಗಾದೆ ಹೇಳಿದರೆ, "ಗಾದೆ ಕಟ್ಟಿದೋನಿಗೆ ಕೆಂಡ ಹಿಡಿಯೋಕೆ ಬರ್ತಿರಲಿಲ್ಲ" ಎಂದು ನೆಟ್ಟಗಣ್ಣ ನಗುತ್ತಿದ್ದ. ಪ್ರತಿ ಕೋಲಿನಲ್ಲೂ ಒಂದು ಗೆಣ್ಣು ಮಾತ್ರ ಹಠಮಾರಿ. ಎಷ್ಟು ಒಲಿಸಿದರೂ ಮತ್ತೆ ಸೊಟ್ಟಗಾಗಲು ನೋಡುತ್ತದೆ. ಕಡೆಗೆ ಮಣಿದ ಮೇಲೆ ಅದಕ್ಕೊಂದು ಹಸಿರು ದಾರ ಬಿಗಿಯಾಗಿ ಸುತ್ತುತ್ತಿದ್ದ. ಅದೇ ಅವನ ರುಜು.

ಮದುವೆಯಾದಾಗಿನಿಂದ ಹೆಂಡತಿ ಕೆಲಸದ ಹೊತ್ತಿನಲ್ಲಿ ಎದುರು ಕೂತು ಕೋಲಿನ ತುದಿ ಹಿಡಿಯುತ್ತಿದ್ದಳು. ದಾರ ಸುತ್ತುವುದನ್ನೂ ಎದುರು ಕೂತೇ ಕಲಿತಳು, ಹಾಗಾಗಿ ಕನ್ನಡಿ ನೋಡಿ ಕಲಿತಂತೆ ಎಲ್ಲ ತಿರುಗುಮುರುಗು. ಅವನ ಗಂಟು ಕೋಲಿನ ತುದಿಯ ಕಡೆ ಬಂದರೆ ಅವಳದು ಬುಡದ ಕಡೆ. "ಉಲ್ಟಾ ಕಣೇ, ಬಿಚ್ಚು" ಎಂದು ಬಿಚ್ಚಿಸಿ ಬಿಚ್ಚಿಸಿ ಸಾಕಾಗಿ, ದಾರಕ್ಕೆ ಜೇನುಮೇಣ ಉಜ್ಜುವುದು, ಗರಿಯ ದಂಟಿನಿಂದ ತೇಲುವ ಬೆಂಡು ಮಾಡುವುದು, ಸೀಸದ ಗುಂಡು ಕಟ್ಟುವುದು ಇಷ್ಟನ್ನು ಅವಳಿಗೆ ಬಿಟ್ಟ. ಹಸಿರು ದಾರವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಈಗಿನ ಕೋಲು ಛತ್ರಿಯಂತೆ ಮಡಚಿ ಚೀಲದೊಳಗೆ ಹೋಗುತ್ತದೆ. ಮೀನು ಹಿಡಿಯಲು ಹೊರಟವನೋ ಆಫೀಸಿಗೆ ಹೊರಟವನೋ ತಿಳಿಯುವುದೇ ಇಲ್ಲ. ಆಗ ಹದಿನಾಲ್ಕು ಅಡಿ ಬಿದಿರನ್ನು ಹೆಗಲ ಮೇಲಿಟ್ಟು ಹೊರಟರೆ ಬೀದಿಯ ತಿರುವಿನಲ್ಲಿ ಮೊದಲು ಕೋಲು ಬರುತ್ತಿತ್ತು, ಆಮೇಲೆ ಮನುಷ್ಯ ಬರುತ್ತಿದ್ದ, ಅವನ ಹಿಂದೆ ಎರೆಹುಳುವಿನ ಡಬ್ಬಿ ಹಿಡಿದ ತಮ್ಮನೋ ತಂಗಿಯೋ. ಮೀನು ಮುಟ್ಟಿದ್ದು ಅಂಗೈಗೆ ಗೊತ್ತಾಗುತ್ತಿತ್ತು. ಈಗ ಅದನ್ನು ತಿಳಿಸಲೂ ಕೋಲಿಗೆ ಕಟ್ಟಿದ ಗಂಟೆ ಬಾರಿಸಬೇಕಂತೆ!

ಅಂಗಡಿಯ ಬೋರ್ಡ್ ತೋರಿಸಿ ನೆಟ್ಟಗಣ್ಣ ಎಲ್ಲರೆದುರು ಒಂದು ಮಾತು ಹೇಳಿದ್ದ. "ಡೊಂಕು ಕೋಲು ಈ ಹೊಸ್ತಿಲು ದಾಟಿದ ದಿನ ನಾನೇ ಈ ಬೋರ್ಡ್ ಇಳಿಸ್ತೀನಿ." ನಲವತ್ತು ವರ್ಷ ಆ ಪ್ರಸಂಗ ಬರಲಿಲ್ಲ.

ಬಂದದ್ದು ಪೋಸ್ಟ್‌ಮ್ಯಾನ್ ರೂಪದಲ್ಲಿ. ತಿಂಗಳ ಹಿಂದಷ್ಟೇ ಒಯ್ದ ಕೋಲನ್ನು ಹಿಂದಕ್ಕೆ ತಂದು, ಸಂಕೋಚದಿಂದ ಹೇಳಿದ. "ಅಣ್ಣಾ, ಯಾಕೋ ಸ್ವಲ್ಪ ಎಡಕ್ಕೆ ಎಳೆಯುತ್ತೆ. ನನ್ನ ಕೈಯೇ ಸರಿ ಇಲ್ವೇನೋ."

ನೆಟ್ಟಗಣ್ಣ ಕೋಲೆತ್ತಿ ನೋಡಿದ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿಯೂ ನೋಡಿದ. ಎರಡರಲ್ಲೂ ಕಂಡದ್ದು ಮಂಜು. ಪೊರೆ ಬರುತ್ತಿರುವುದು ಅವನಿಗೆ ಗೊತ್ತಿತ್ತು, ಡಾಕ್ಟರ ಹತ್ತಿರ ಹೋದರೆ ಊರಿಗೇ ಗೊತ್ತಾಗುತ್ತದೆಂದು ಸುಮ್ಮನಿದ್ದ. ಬೇರೆ ಕೋಲು ಕೊಟ್ಟು ಕಳಿಸಿದ. ಬೆಂಡು ಕೆರೆಯುತ್ತಾ ಕೂತಿದ್ದ ಹೆಂಡತಿ ಎದ್ದು, ವಾಪಸ್ ಬಂದ ಕೋಲನ್ನು ಮೂಲೆಗೆ ಒರಗಿಸಿದಳು. ಬೋರ್ಡ್ ಅಲ್ಲೇ ಇತ್ತು. ಅದರ ಕೆಳಗೆ ಹಾದುಹೋಗುವಾಗ ಅವನು ತಲೆ ಎತ್ತುವುದನ್ನು ಬಿಟ್ಟ.

ಅದೇ ವಾರ ಕೆರೆ ಸಂಘದ ಅಧ್ಯಕ್ಷರು ಬಂದರು. ಈ ವರ್ಷದ ಮೀನು ಹಿಡಿಯುವ ಪಂದ್ಯಕ್ಕೆ ಹಳೆಯ ಕಾಲದ ಬಿದಿರಿನ ಕೋಲುಗಳೇ ಆಗಬೇಕು, ಹನ್ನೆರಡು ಬೇಕು ಎಂದರು. ಆಗಲ್ಲ ಅನ್ನಬೇಕೆಂದು ಬಾಯಿ ತೆರೆದ ನೆಟ್ಟಗಣ್ಣ, "ಒಂದು ತಿಂಗಳು ಟೈಮ್ ಕೊಡಿ" ಅಂದುಬಿಟ್ಟ. ಜಂಬ ಅನ್ನುವುದು ಮನುಷ್ಯನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ.

ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೆಂಡದ ಮುಂದೆ ಕೂತ. ಕಣ್ಣಿನ ಕೆಲಸವನ್ನು ಬೆರಳಿಗೆ ಹೊರಿಸಿದ. ಊಟ ಮಾಡಿ ಹಿಂದಿನ ಕೋಣೆಯಲ್ಲಿ ಒಂದು ಗಳಿಗೆ ಮಲಗುತ್ತಿದ್ದ. ಹನ್ನೆರಡೂ ಮುಗಿದವು. ನೆಟ್ಟಗಿವೆಯೋ ಇಲ್ಲವೋ, ಮಾಡಿದವನಿಗೇ ಗೊತ್ತಿರಲಿಲ್ಲ.

ಪಂದ್ಯದ ದಿನ ಕೆರೆಯ ದಡದಲ್ಲಿ ಹನ್ನೆರಡು ಕೋಲುಗಳು ಸಾಲಾಗಿ ನೀರಿನ ಮೇಲೆ ಚಾಚಿದವು. ಯಾರೂ ದೂರಲಿಲ್ಲ. ಪೋಸ್ಟ್‌ಮ್ಯಾನೇ ಗೆದ್ದ. "ಅಣ್ಣಾ, ಹಾಕಿದ ಕಡೆಗೇ ಹೋಯ್ತು, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ!" ಎಂದು ಕುಣಿದಾಡಿದ. ಅಧ್ಯಕ್ಷರು ನೆಟ್ಟಗಣ್ಣನನ್ನು ಮುಂದೆ ಕರೆದು, ಗೆದ್ದ ಕೋಲನ್ನು ಕೈಗಿಟ್ಟು, ಮೈಕಿನಲ್ಲಿ ಅವನ ಕೈಗುಣವನ್ನು ಹೊಗಳತೊಡಗಿದರು.

ಅವನ ಹೆಬ್ಬೆರಳು ತನ್ನ ಪಾಡಿಗೆ ಹಸಿರು ದಾರದ ಮೇಲೆ ಹೋಯಿತು. ಗಂಟು ಬುಡದ ಕಡೆ ಇತ್ತು.

ಮತ್ತೊಮ್ಮೆ ಸವರಿದ. ಪಕ್ಕದವನ ಕೈಯಿಂದ ಇನ್ನೊಂದು ಕೋಲು ಇಸಿದುಕೊಂಡ, ಮತ್ತೊಂದನ್ನೂ ಇಸಿದುಕೊಂಡ. ಎಲ್ಲದರ ಗಂಟೂ ಬುಡದ ಕಡೆಗೇ. ದಾರವಿದ್ದ ಗೆಣ್ಣನ್ನು ಕೆಂಡಕ್ಕೆ ಹಿಡಿದರೆ ದಾರ ಸುಟ್ಟುಹೋಗುತ್ತದೆ. ಡೊಂಕು ತೆಗೆಯಬೇಕಾದರೆ ಮೊದಲು ದಾರ ಬಿಚ್ಚಬೇಕು, ಆಮೇಲೆ ಹೊಸದಾಗಿ ಸುತ್ತಬೇಕು. ಅವನು ಮಲಗಿದ್ದಾಗ ಅವಳು ಮಾಡಿದ್ದು ಅದನ್ನೇ.

ಮೊದಲು ಮುಖ ಕಾದ ಕಾವಲಿಯಾಯಿತು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೆ ಬೆರಳು ದಾರವನ್ನು ಬಿಡಲಿಲ್ಲ. ಎಷ್ಟು ಬಿಗಿ, ಎಷ್ಟು ಒತ್ತೊತ್ತು, ಒಂದು ಎಳೆ ಇನ್ನೊಂದರ ಮೇಲೆ ಹತ್ತಿಲ್ಲ. ತಾನು ಹರೆಯದಲ್ಲೂ ಇಷ್ಟು ಚೆನ್ನಾಗಿ ಸುತ್ತಿರಲಿಲ್ಲ. ಇದು ಅವಳ ಕೈ ಎಂದು ಅವನಿಗೆ ಹೆಮ್ಮೆಯಾಯಿತು.

ಮೈಕು ಇಸಿದುಕೊಂಡ. "ಪೋಸ್ಟ್‌ಮ್ಯಾನಣ್ಣ ವಾಪಸ್ ತಂದ ಕೋಲು ಡೊಂಕೇ ಇತ್ತು. ಅವನ ಕೈ ಸರಿ ಇದೆ, ನನ್ನ ಕಣ್ಣು ಹೋಗಿದೆ. ಮಾತು ಕೊಟ್ಟ ಹಾಗೆ ಬೋರ್ಡ್ ಇಳಿಸ್ತೀನಿ. ಆದರೆ ಈ ಹನ್ನೆರಡೂ ನೆಟ್ಟಗಿವೆ ನೋಡಿ, ಇವನ್ನ ಮಾಡಿದ್ದು ನನ್ನ ಹೆಂಡತಿ. ಹೊಸ ಬೋರ್ಡಲ್ಲಿ ಅವಳ ಹೆಸರಿರುತ್ತೆ."

ಜನರ ನಡುವೆ ನಿಂತಿದ್ದ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾರನೆಯ ದಿನ ಅಂಗಡಿಯಲ್ಲಿ ಅವನು ತನ್ನ ಜಾಗ ಬಿಟ್ಟು ಎದುರು ಹೋಗಿ ಕೂತ. ಅವಳು ಕೆಂಡದ ಪಕ್ಕ ಕೂತು ಕೋಲಿನ ಬುಡ ಹಿಡಿದಳು. ಅವನು ತುದಿ ಹಿಡಿದ. ಅವಳು ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ ಅವನ ಕಡೆ ನೋಡಿದಳು. ಆ ಮಂಜಿನಲ್ಲೂ ಅದೊಂದು ಅವನಿಗೆ ಕಂಡಿತು.

"ಏನೇ, ಕಣ್ಣು ಹೊಡೀತೀಯಾ?"

"ಕೋಲು ನೋಡ್ತಿದ್ದೀನಿ ರೀ. ತುದಿ ನಡುಗ್ತಿದೆ, ಗಟ್ಟಿಯಾಗಿ ಹಿಡ್ಕೊಳ್ಳಿ."