ಓಗೊಟ್ಟವಳ ಕಲ್ಲು

ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಟ್ಟುಕತೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ಹೊಗಳಿಕೆ ನನ್ನ ಪಾಲಿಗೆ ಬಂದದ್ದೇ ಕಡಿಮೆ, ಅದೆಲ್ಲ ನನ್ನ ವಾರಗಿತ್ತಿ ನೀಲಮ್ಮನಿಗೆ. ಆ ರಾತ್ರಿ ನನ್ನ ಕಿವಿಯಾರೆ ಕೇಳಿದ್ದನ್ನಷ್ಟೇ ಹೇಳುತ್ತೇನೆ.

ದಾವಣಗೆರೆಯಲ್ಲಿ ನಮ್ಮದು ಹತ್ತಿ ಮಂಡಿಯ ಮನೆ. ನಾನು ಗಿರಿಜಮ್ಮ, ಸಾರಥಿ ಎಂಬ ಊರಿನಿಂದ ಬಂದ ಹಿರಿಯ ಸೊಸೆ. ನನ್ನ ಹಿಂದೆ ಗಾಡಿ ತುಂಬ ಪಾತ್ರೆ ಪಗಡ ಬಂದಿದ್ದವು. ಮೈದುನನ ಹೆಂಡತಿ ನೀಲಮ್ಮ ಕೊಕ್ಕನೂರಿನಿಂದ ಬಂದದ್ದು ಒಂದು ಟ್ರಂಕು ಹಿಡಿದುಕೊಂಡು. ಆದರೇನು, ವರ್ಷ ತುಂಬುವುದರೊಳಗೆ ಅತ್ತೆಗೆ ಅವಳು ಬಡಿದ ರೊಟ್ಟಿಯೇ ಬೇಕಾಯಿತು, ಅವಳು ಹಾಸಿದ ಹಾಸಿಗೆಯೇ ಬೇಕಾಯಿತು. ಬೆಳಗಾದರೆ ನೀಲಾ, ಕತ್ತಲಾದರೆ ನೀಲಾ. ನನ್ನ ಗಂಡ ಕೂಡ ಒಮ್ಮೆ ಊಟಕ್ಕೆ ಕೂತು, ಈ ಪುಂಡಿಪಲ್ಯ ನೀಲಮ್ಮ ಮಾಡಿದ್ದಲ್ಲವೇ ಎಂದು ಕೇಳಿ ಇನ್ನೊಂದು ಸಲ ಹಾಕಿಸಿಕೊಂಡರು. ಅವತ್ತು ನನಗೆ ತುತ್ತು ಇಳಿಯಲಿಲ್ಲ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಹರಿಹರದಾಚೆ ಹೊಳೆದಂಡೆಯಲ್ಲಿ ಶರಣರ ಕಟ್ಟೆ ಇದೆ. ಹಿಂದೆ ಯಾವನೋ ಪಾಳೇಗಾರ, ಕೊರಳ ಲಿಂಗ ತೆಗೆದು ಬಿಸಾಡಿ ಎಂದು ಅಪ್ಪಣೆ ಮಾಡಿದನಂತೆ. ಒಪ್ಪದವರನ್ನು ಆ ದಂಡೆಯ ಮೇಲೆ ಕಡಿಸಿದನಂತೆ. ಸತ್ತವರಿಗೆ ಒಂದೊಂದು ಕಲ್ಲು, ಮೊಳಕಾಲೆತ್ತರದ್ದು. ಹೆಸರಿಲ್ಲ, ಅಕ್ಷರವಿಲ್ಲ.

ಅದರಲ್ಲೊಂದು ಕಲ್ಲು ನಮ್ಮ ಮನೆತನದ ಸೊಸೆಯದು. ಪಾಳೇಗಾರನ ಆಳುಗಳು ಕತ್ತಲಾದ ಮೇಲೆ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುತ್ತಿದ್ದರು. ಓ ಎಂದವರನ್ನು ಎಳೆದೊಯ್ಯುತ್ತಿದ್ದರು. ಆ ಮನೆಯಲ್ಲಿ ಅವರು ಕರೆದದ್ದು ಹಿರಿಯ ಸೊಸೆಯನ್ನು. ಓಗೊಟ್ಟು ಹೊರಗೆ ಹೋದವಳು ಕಿರಿಯವಳು. ಹಿರಿಯವಳು ಉಳಿದಳು, ಅವಳಿಂದಲೇ ನಮ್ಮ ವಂಶ ಬೆಳೆಯಿತು. ಆದರೆ ಕಲ್ಲು ನಿಂತದ್ದು ಕಿರಿಯವಳಿಗೆ. ಅಲ್ಲೂ ಹಾಗೆಯೇ ನೋಡಿ!

ವರ್ಷಕ್ಕೊಮ್ಮೆ ನಮ್ಮ ಮನೆಯ ಹೆಂಗಸು ಆ ಕಲ್ಲಿನ ಮುಂದೆ ದೀಪ ಹಚ್ಚಿ, ಎಣ್ಣೆ ತೀರಿ ಅದು ತಾನಾಗಿ ಆರುವವರೆಗೆ ಕೂರಬೇಕು. ಕಟ್ಟೆಯ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಕರೆದರೂ ಓಗೊಡುವಂತಿಲ್ಲ. ಅತ್ತೆಗೆ ಮಂಡಿನೋವು ಹೆಚ್ಚಾಗಿತ್ತು, ಆ ವರ್ಷ ದೀಪದ ಹಿತ್ತಾಳೆ ಸೊಡರನ್ನು ಒಬ್ಬ ಸೊಸೆಗೆ ಒಪ್ಪಿಸುವವರಿದ್ದರು. ಸೊಡರು ಯಾರ ಕೈಗೋ, ಮನೆಯೂ ಅವರ ಕೈಗೆ. ಹಿರಿಯವಳು ನಾನು, ನನಗೇ ಬರಬೇಕಾದದ್ದು. ಆದರೆ ಅತ್ತೆ ಇಬ್ಬರನ್ನೂ ತಮ್ಮ ಜೊತೆ ಹೊರಡಿಸಿದರು.

ಕನ್ನಡ ನಾಡೆಲ್ಲ ಸೇರಿ ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಮಾಗಿಯ ಚಳಿ. ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಹರಿಹರಕ್ಕೆ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕಟ್ಟೆ ಸೇರಿದೆವು. ಗಾಡಿಯವನು ದೂರದ ಜಾಲಿಮರದ ಕೆಳಗೆ ಎತ್ತು ಬಿಚ್ಚಿದ.

ಅತ್ತೆ ದೀಪ ಹಚ್ಚಿದರು. ನಾವಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಕೂತೆವು. ಹರಳೆಣ್ಣೆಯ ಘಾಟು, ಒದ್ದೆ ಮರಳಿನ ವಾಸನೆ, ಹೊಳೆಯ ನೀರು ಕಲ್ಲಿಗೆ ತಾಗುವ ಸದ್ದು... ಅಷ್ಟೇ. ನೀಲಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಕೂರುವುದರಲ್ಲೂ ಅವಳದೇ ಅಂದ. ನಾನು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದೆ.

ಕತ್ತಲು ಗಟ್ಟಿಯಾಯಿತು. ಹೊಳೆ ಕಡೆಯಿಂದ ಗಾಳಿ ಬೀಸಿತು, ದೀಪ ತುಯ್ದಾಡಿತು. ಆಗ ಅತ್ತೆ ಅಭ್ಯಾಸಬಲದಿಂದ ಬಾಯಿ ಬಿಟ್ಟರು.

"ಗಿರಿಜಾ, ಗಾಳಿ ಬರ್ತೈತೆ. ಸೆರಗು ಅಡ್ಡ ಹಿಡಿ."

ನನಗೆ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ಮನೆಯಲ್ಲಿ ಎಲ್ಲದಕ್ಕೂ ನೀಲಾ ಎನ್ನುವ ಬಾಯಿಗೆ ಇಲ್ಲಿ, ಈ ಕಲ್ಲಿನ ಮುಂದೆ, ನನ್ನ ಹೆಸರು ಬಂದಿತ್ತು! ಕಟ್ಟಳೆ ನೆನಪಿತ್ತು, ಓ ಎನ್ನಲಿಲ್ಲ. ಸುಮ್ಮನೆ ಸೆರಗು ಅಡ್ಡ ಹಿಡಿದು ನೀಲಮ್ಮನ ಮುಖ ನೋಡಿದೆ. ಅವಳು ಕಣ್ಣು ಬಿಟ್ಟಿದ್ದಳು. ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು.

ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಹೊಳೆಯ ಸದ್ದು ನಿಂತಿತು.

ಕಲ್ಲುಗಳ ಸಾಲಿನ ಆ ತುದಿಯಲ್ಲಿ ಮೊಳೆ ಹೊಡೆದ ಕೆರದ ಸದ್ದು. ಟಕ್... ಟಕ್... ಒಂದೊಂದು ಕಲ್ಲಿನ ಹತ್ತಿರವೂ ನಿಲ್ಲುತ್ತ, ಮುಂದೆ ಬರುತ್ತಿತ್ತು. ಎಣ್ಣೆಬಟ್ಟೆ ಸುತ್ತಿದ ಪಂಜು ಉರಿಯುವಾಗ ಬರುವ ಕಮಟು ವಾಸನೆ ಮೂಗಿಗೆ ಅಡರಿತು. ಆದರೆ ಎಲ್ಲೂ ಬೆಳಕಿರಲಿಲ್ಲ.

ನಮ್ಮ ಕಲ್ಲಿನ ಹಿಂದೆಯೇ ಅದು ನಿಂತಿತು.

"ಸಾರಥಿ ಗಿರಿಜವ್ವಾ..."

ಗಂಡು ದನಿ. ಅವಸರವಿಲ್ಲದ್ದು. ಗುರುತಿನವರು ಬಾಗಿಲಲ್ಲಿ ನಿಂತು ಕರೆದ ಹಾಗೆ. ತವರೂರು ಸೇರಿಸಿ ನನ್ನನ್ನು ಕರೆಯುವವರು ಅತ್ತೆಮನೆಯಲ್ಲಿ ಒಬ್ಬರೂ ಇರಲಿಲ್ಲ. ನಾನು ಹಲ್ಲು ಕಚ್ಚಿ ಹಿಡಿದೆ. ಆದರೂ ಗಂಟಲಿನಿಂದ ಓ ಎಂಬುದು ತಾನೇ ತಾನಾಗಿ ಮೇಲೇರುತ್ತಿತ್ತು, ಬಿಕ್ಕಳಿಕೆ ಏರುವ ಹಾಗೆ. ತಡೆಯಲು ಆಗುತ್ತಿರಲಿಲ್ಲ.

ನೀಲಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಅಕ್ಕ, ನೀವು ಸುಮ್ನ ಕೂಡ್ರಿ," ಎಂದು ಪಿಸುಗುಟ್ಟಿ ಎದ್ದು ನಿಂತಳು.

"ಓ," ಎಂದಳು. "ನಾನೇ."

ಕತ್ತಲೊಳಕ್ಕೆ ನಡೆದುಹೋದಳು. ದೀಪ ಆರಿತು. ಸೊಡರಿನಲ್ಲಿ ಎಣ್ಣೆ ಇನ್ನೂ ಅರ್ಧ ಇತ್ತು.

ಎಷ್ಟು ಹೊತ್ತೋ ಗೊತ್ತಿಲ್ಲ. ಹೊಳೆಯ ಸದ್ದು ಮತ್ತೆ ಕೇಳಿದಾಗ ನೀಲಮ್ಮ ತಾನಾಗಿಯೇ ನಡೆದು ಬಂದಳು. ಏನೂ ಆಗಿರಲಿಲ್ಲ. ಸೆರಗಿನಲ್ಲಿ ಮಾತ್ರ ಪಂಜಿನ ವಾಸನೆ ಇತ್ತು. ಯಾರು ಬಂದಿದ್ದರು ಎಂದು ಕೇಳಿದೆ. ಅವಳು ಸೆರಗು ಹೊದ್ದು ಗಾಡಿಯ ಕಡೆ ನಡೆದಳು. ಗಾಡಿಯವನನ್ನು ಕೇಳಿದರೆ, ಯಾರೂ ಬರಲಿಲ್ಲ, ಆದರೆ ಮಲಗಿದ್ದ ಎತ್ತುಗಳು ಯಾಕೋ ಎದ್ದು ನಿಂತವು ಎಂದ.

ಗಾಡಿಯಲ್ಲೇ ಅತ್ತೆ ಸೊಡರನ್ನು ನೀಲಮ್ಮನ ಉಡಿಯಲ್ಲಿಟ್ಟರು. ನಾನು ತಡೆಯಲಾರದೆ, ಹಿರಿಯವಳು ನಾನಲ್ಲವೇ ಎಂದೆ.

"ಕರ್ದಿದ್ದು ನಿನ್ನ, ಹೋದಾಕಿ ಆಕಿ," ಎಂದರು ಅತ್ತೆ. "ಇನ್ನೇನು ಕೇಳ್ತಿ?"

ಉಪಕಾರ ಎನ್ನಿಸಬೇಕಿತ್ತು. ನನಗೆ ಎದೆಯಲ್ಲಿ ಕೆಂಡ ಸುರಿದ ಹಾಗಾಯಿತು. ಜನ್ಮದಲ್ಲಿ ಒಂದು ಸಲ ಯಾರೋ ನನ್ನನ್ನೇ ಹುಡುಕಿಕೊಂಡು ಬಂದು ಕರೆದಿದ್ದರು. ಅದನ್ನೂ ಅವಳೇ ತೆಗೆದುಕೊಂಡಳು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅಂದಿನಿಂದ ಸಂಜೆ ಮಿಲ್ಲಿನ ಸೈರನ್ ಆದ ಮೇಲೆ ಒಮ್ಮೊಮ್ಮೆ ನಮ್ಮ ತಲೆಬಾಗಿಲಿನಿಂದ ಆ ದನಿ ಕರೆಯತೊಡಗಿತು. ಸಾರಥಿ ಗಿರಿಜವ್ವಾ... ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನೀಲಮ್ಮ ಓ ಎನ್ನುತ್ತಿದ್ದಳು. ಅಲ್ಲಿಗೆ ದನಿ ನಿಲ್ಲುತ್ತಿತ್ತು.

ಮೈದುನ ಹರಿಹರದಲ್ಲಿ ಅಂಗಡಿ ಇಟ್ಟು ಬೇರೆ ಮನೆ ಮಾಡಿದ. ನೀಲಮ್ಮನ ಜೊತೆ ಸೊಡರು ಹೋಯಿತು, ಸೊಡರಿನ ಹಿಂದೆ ಅತ್ತೆಯೂ ಹೋದರು. ಪೀಡೆ ತೊಲಗಿತು ಎಂದುಕೊಂಡೆ. ಆ ವಾರವೇ ಸಂಜೆ ಕರೆ ಬಂತು... ಬರಿದಾದ ಅಡುಗೆಮನೆಯಿಂದ ಅವಳದೇ ಓ ಕೇಳಿತು. ಓಡಿ ಹೋಗಿ ನೋಡಿದರೆ ಯಾರೂ ಇಲ್ಲ, ಒಲೆ ತಣ್ಣಗಿತ್ತು.

ಹರಿಹರಕ್ಕೆ ಹೋಗಿ ಅವಳನ್ನೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಇಲ್ಲೀಗೂ ಕೇಳ್ತೈತೆ ಅಕ್ಕ. ನಾ ಓ ಅಂದ್ರ ಹೋಗ್ತಾರ. ನೀವು ಮಾತ್ರ ಅನಬ್ಯಾಡ್ರಿ."

ವಾಪಸು ಬರುವಾಗ ರೈಲಿನಲ್ಲಿ ಕಣ್ಣೀರು ಹಾಕಿದೆ. ಇವಳು ಸತ್ತರೆ ಇವಳಿಗೂ ಒಂದು ಕಲ್ಲು ನಿಲ್ಲಿಸುತ್ತಾರೆ. ನನಗೆ? ಎಂಟು ವರ್ಷ ಇದೇ ಉರಿಯಲ್ಲಿ ಬೆಂದೆ. ಅವಳಿಗಿಂತ ಮೊದಲು ಒಂದು ಸಲವಾದರೂ ಓ ಎಂದುಬಿಡಬೇಕು, ನನ್ನ ಹೆಸರಿಗೆ ನಾನೇ ಉತ್ತರ ಕೊಡಬೇಕು ಎಂದು ಎಷ್ಟೋ ಸಂಜೆ ಬಾಗಿಲಲ್ಲಿ ಕಾದು ಕೂತಿದ್ದೇನೆ. ಪ್ರತಿ ಸಲವೂ ಅವಳೇ ಗೆದ್ದಳು.

ನಿನ್ನೆ ಸಂಜೆ ಸೈರನ್ ಆಯಿತು. ದನಿ ಕರೆಯಿತು. ನಾನು ಕಾದೆ... ಅಡುಗೆಮನೆಯಿಂದ ಓ ಬರಲಿಲ್ಲ.

ಮತ್ತೆ ಕರೆಯಿತು. ಬರಲಿಲ್ಲ.

ದನಿ ನಿಲ್ಲುವವರೆಗೆ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿ ಹಿಡಿದೆ. ಬೆಳಗಿನ ಗಾಡಿಗೇ ನನ್ನ ಗಂಡನನ್ನು ಹರಿಹರಕ್ಕೆ ಕಳಿಸಿದ್ದೇನೆ. ಇನ್ನೂ ಬಂದಿಲ್ಲ. ಈಗಷ್ಟೇ ಸೈರನ್ ಆಗಿದೆ. ಪಡಸಾಲೆಯ ತುಂಬ ಪಂಜಿನ ಕಮಟು. ನಾನು ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡು ಕೂತಿದ್ದೇನೆ. ನನ್ನ ಹೆಸರನ್ನು ಅವಳು ಕಸಿದುಕೊಂಡಳು ಎಂದು ಇಷ್ಟು ವರ್ಷ ಉರಿದೆ. ಈಗ ಅದು ನನಗೇ ಮರಳಿ ಬಂದಿದೆ.

ನನಗದು ಬೇಡ.